ಮೂವತ್ತೆಂಟನೇ ಸುತ್ತಿನಲ್ಲಿ ಅಂದ ಹೂಂ

ನನ್ನ ಮಗಳು ತಸ್ಲೀಮ್‌ಗೆ ಏಳು ವರ್ಷವಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟೆ. ಅವಳ ಕಾಲು ಇದ್ದ ಹಾಗೇ ಇದ್ದು, ಅವಳು ಮಂಗಳ ಗ್ರಹಕ್ಕೆ ಹೋಗುವ ಒಂದು ಕಥೆ ಬರೆಯುತ್ತೇನೆಂದು. ಅದು ೧೯೯೩. ಕೊಟ್ಟಿರಿ ಎಂದು ಅವಳು ಹೇಳುತ್ತಾಳೆ. ಕೊಟ್ಟಿಲ್ಲವೆಂದೇ ನಾನು ಹದಿಮೂರು ವರ್ಷ ಹೇಳಿಕೊಂಡು ಬಂದೆ.

ಇದಕ್ಕೆ ನನ್ನ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ, ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು. ಸುತ್ತುವಾಗ ಬಲಗೈ ಸುತ್ತುಯಂತ್ರದ ಹಿಡಿಕೆ ತಿರುಗಿಸುತ್ತಿರುತ್ತದೆ, ಎಡಗೈ ಬೆರಳ ಸಂದಿಯಿಂದ ತಂತಿ ಹಾಯುತ್ತಿರುತ್ತದೆ, ಬಾಯೊಳಗೆ ಎಣಿಕೆ ನಡೆದಿರುತ್ತದೆ. ಎಣಿಕೆ ತಪ್ಪಿದರೆ ಕಾಯಿಲು, ಅಂದರೆ ಸುತ್ತಿದ ತಂತಿಯ ಸುರುಳಿ, ಕೆಟ್ಟಿತು. ಆದ್ದರಿಂದ ನನ್ನ ಕೈ ಹಿಡಿಕೆಯ ಮೇಲಿರುವಾಗ ಬಂದವರು ಸಲಾಮು ಹೇಳುವುದಿಲ್ಲ, ನಮಸ್ಕಾರವನ್ನೂ ಹೇಳುವುದಿಲ್ಲ. ಬೆಂಚಿನ ಮೇಲೆ ಕೂತು ಕಾಯುತ್ತಾರೆ. ತಡೆಯಲಾರದೆ ಯಾರಾದರೂ ಏನಾದರೂ ಕೇಳಿದರೆ ನಾನು ಹೂಂ ಅನ್ನುತ್ತೇನೆ. ಕೇಳಿಸಿಕೊಂಡು ಅನ್ನುವ ಹೂಂ ಅಲ್ಲ ಅದು, ಎಣಿಕೆ ಉಳಿಸಿಕೊಳ್ಳಲು ಅನ್ನುವುದು. ಇದು ಊರಿಗೆಲ್ಲ ಗೊತ್ತು. "ನಾಳಿಗೆ ಕೊಡ್ತೀನಿ ಅಂದಿದ್ದಿ" ಎಂದು ಯಾರಾದರೂ ಜಗಳಕ್ಕೆ ಬಂದರೆ ಬೆಂಚಿನ ಮೇಲೆ ಕೂತವರೇ ಉತ್ತರ ಕೊಡುತ್ತಾರೆ: "ಎಣಿಸಾಗ ಅಂದಿದ್ದೇನು? ಹಂಗಾರ ಅದು ಹಿಡಿಯಂಗಿಲ್ಲ ಬಿಡಪ್ಪ."

ತಸ್ಲೀಮ್ ನನ್ನನ್ನು ಕೇಳಿದ್ದು ಎಣಿಸುವಾಗಲೇ.

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಅವಳ ಎಡಗಾಲು ಸೋತಿತ್ತು. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಕೆಳಗೊಂದು ಬೂಟು, ಇಷ್ಟು ಸೇರಿ ಕ್ಯಾಲಿಪರ್. ಎದ್ದು ನಿಂತಾಗ ಮೊಣಕಾಲಿನ ಕೀಲಿನ ಮೇಲೆ ಒಂದು ಕಬ್ಬಿಣದ ಉಂಗುರ ಟಕ್ ಎಂದು ಇಳಿದು ಕೀಲನ್ನು ಬಿಗಿ ಮಾಡುತ್ತದೆ. ಕೂರಬೇಕಾದರೆ ಆ ಉಂಗುರವನ್ನು ಮೇಲಕ್ಕೆತ್ತಿ ಕಾಲು ಮಡಚಬೇಕು. ಅವಳು ಅದನ್ನು ಬಳೆ ಅನ್ನುತ್ತಿದ್ದಳು, ಈಗಲೂ ಅನ್ನುತ್ತಾಳೆ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದು ತಂತಿಯ ಸುರುಳಿ ಹಿಡಿದು ಕೂರುತ್ತಿದ್ದಳು. ಮನೆಯಲ್ಲಿ ಅವಳ ತಾಯಿ ಸಲ್ಮಾ ಜೊತೆ ಉರ್ದು, ಅಂಗಡಿಯಲ್ಲಿ ಬೆಳೆದದ್ದಕ್ಕೆ ನನ್ನ ಜೊತೆ ಕನ್ನಡ.

ಆವತ್ತು ಹಲವಾಗಲಿನ ಪಾಲಾಕ್ಷಪ್ಪನ ಮೋಟಾರು ಸುತ್ತುತ್ತಿದ್ದೆ. ನನ್ನ ಮೂರನೆಯ ಕಥೆ ಅದೇ ವಾರ ಪತ್ರಿಕೆಯಲ್ಲಿ ಬಂದಿತ್ತು. ತಸ್ಲೀಮ್ ಬೆಂಚಿನ ಮೇಲೆ ಕೂತು ಅಕ್ಷರಕ್ಕೆ ಅಕ್ಷರ ಕೂಡಿಸಿ ಅದನ್ನು ಓದಿ ಮುಗಿಸಿದಳು.

"ಅಬ್ಬಾ, ಇನ್ನೊಂದು ಕಥಿ ಬರೀರಿ. ಅದ್ರಾಗ ನನ್ನ ಕಾಲು ಹಿಂಗ ಇರ್ಲಿ. ಆದ್ರೂ ನಾನು ಮಂಗಳಕ್ಕ ಹೋಗ್ಬೇಕು. ಬರೀತೀರಾ?"

ಮೂವತ್ತೆಂಟು.

"ಹೂಂ" ಅಂದೆ.

* * *

ಈ ವರ್ಷ, ಅಂದರೆ ೨೦೦೬ರಲ್ಲಿ, ಶ್ರಾವಣ ಕಳೆದ ಮೇಲೆ ಕೊಟ್ಟೂರಿನಿಂದ ಏಕಾಂತಪ್ಪ ಮಾಸ್ತರು ಬಂದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು, ನಿವೃತ್ತರಾದ ಮೇಲೆ ವರ್ಷಕ್ಕೆ ಒಂದೋ ಎರಡೋ ಪುಸ್ತಕ ಪ್ರಕಟಿಸುತ್ತಾರೆ. ನನ್ನ ಕೈ ಹಿಡಿಕೆಯ ಮೇಲಿತ್ತು. ಅವರೂ ಬೆಂಚಿನ ಮೇಲೆ ಸುಮ್ಮನೆ ಕೂತರು. ಕಾಯಿಲು ಇಳಿಸಿದ ಮೇಲೆ ಬಾಯಿ ಬಿಟ್ಟರು.

"ನಿನ್ನ ವೈಜ್ಞಾನಿಕ ಕಥಿ ಎಲ್ಲಾ ಕೂಡಿಸಿ ಪುಸ್ತಕ ಮಾಡೋಣಂತ ಅದೀನಿ. ಎಷ್ಟದಾವ?"

"ಹನ್ನೊಂದು, ಸಾರ್."

"ಹನ್ನೊಂದಕ್ಕ ನೂರಾ ನಲವತ್ತಾರು ಪುಟ ಆಗ್ತೈತಿ, ಅಂದಾಜು ಹಾಕೀನಿ. ಹದಿನಾರು ಪುಟಕ್ಕ ಒಂದು ಫಾರಂ, ಹತ್ತು ಫಾರಂಗೆ ನೂರಾ ಅರವತ್ತು. ಹದಿನಾಲ್ಕು ಪುಟ ಖಾಲಿ ಉಳೀತಾವ. ಇನ್ನೊಂದು ಬರಿ."

"ಬರಿಯೋದು ಬಿಟ್ಟು ಮೂರು ವರ್ಷ ಆತು, ಸಾರ್."

"ಯಾಕ, ಮಂಗಳದವರು ಬರೋದು ಬಿಟ್ರೇನು?" ಎಂದು ನಕ್ಕರು. "ನವೆಂಬರ್ ಕೊನೀ ಐತವಾರ ಬರ್ತೀನಿ. ನಿನ್ನ ಅಕ್ಷರ ಕಂಪೋಸ್ ಮಾಡೋನಿಗೆ ತಿಳಿಯಂಗಿಲ್ಲ, ಮಗಳ ಕೈಲೆ ನಕಲು ತೆಗೆಸು."

ಟ್ರಂಕಿನಿಂದ ಕಥೆಗಳನ್ನು ಇಳಿಸಿದೆ. ಪತ್ರಿಕೆಗಳಿಂದ ಕತ್ತರಿಸಿದ ಹಾಳೆಗಳು. ಅವುಗಳಲ್ಲಿ ಎರಡು ಪತ್ರಿಕೆ ಈಗ ನಿಂತೇಹೋಗಿವೆ. ದಿನವೆಲ್ಲ ವಾರ್ನಿಶ್ ವಾಸನೆ ಕುಡಿದು, ಮನೆಗೆ ಬಂದು, ಎಲ್ಲರೂ ಮಲಗಿದ ಮೇಲೆ ಬರೆದದ್ದು ಇವು. ಇದನ್ನೂ ಹಾಗೇ ಬರೆಯುತ್ತಿದ್ದೇನೆ. ಇಷ್ಟು ವರ್ಷದ ಮೇಲೆ ಒಟ್ಟಿಗೆ ಓದಿದರೆ ಹೆಮ್ಮೆ ಅನ್ನಿಸಬೇಕಿತ್ತು. ಅನ್ನಿಸಿದ್ದು ಆಯಾಸ. ಯಾರದೋ ಹಳೆಯ ಮೋಟಾರು ಬಿಚ್ಚಿದಾಗ, ಈ ತಂತಿ ನಾನೇ ಸುತ್ತಿದ್ದು ಎಂದು ಗುರುತು ಸಿಕ್ಕ ಹಾಗೆ.

ಮೊದಲನೆಯದು 'ಚಂದ್ರನ ಮೇಲೊಂದು ಬೋರು', ೧೯೯೦ರದು. ಚಂದ್ರನಲ್ಲಿ ಮುನ್ನೂರು ಅಡಿಗೆ ನೀರು ಬೀಳುತ್ತದೆ, ಆ ನೀರು ಹಾಕಿದರೆ ಒಂದು ಹುಡುಗಿಯ ಸೋತ ಕಾಲು ಗಟ್ಟಿಯಾಗುತ್ತದೆ. ಅದನ್ನು ಓದಿ ಹೇಳಿದಾಗ ನನ್ನ ತಾಯಿ ಲಾಲ್ ಬೀ ತನ್ನ ಎರಡೂ ಮೊಣಕಾಲು ತಿಕ್ಕಿಕೊಳ್ಳುತ್ತ, "ಆ ನೀರು ನಂಗೂ ಒಂದು ಬಾಟ್ಲಿ ತರ್ಸು ಬೇಟಾ" ಅಂದಿದ್ದಳು. ಎರಡನೆಯದರಲ್ಲಿ ಹಗರಿ ಹಳ್ಳದ ಮರಳಿನಲ್ಲಿ ಹಾರುವ ತಟ್ಟೆ ಇಳಿಯುತ್ತದೆ. ಅದರ ಮೋಟಾರು ಸುಟ್ಟಿದೆ, ಒಬ್ಬ ಮೆಕ್ಯಾನಿಕ್ ಸುತ್ತಿಕೊಡುತ್ತಾನೆ, ಪ್ರತಿಯಾಗಿ ಆ ಜನ ಅವನ ಮಗಳ ಕಾಲಿಗೆ ಹಸಿರು ಬೆಳಕು ಬಿಡುತ್ತಾರೆ. ಆ ಕಥೆಯಲ್ಲಿ ಸುತ್ತಿನ ಲೆಕ್ಕವೊಂದು ಸರಿಯಿದೆ. ಮೂರನೆಯದರಲ್ಲಿ ಯಂತ್ರದ ಕಾಲು, ಅದು ಕನ್ನಡದಲ್ಲಿ ಬೈಯುತ್ತದೆ ಕೂಡ. ೧೯೯೫ರ ಒಂದು ಕಥೆಗೆ '೨೦೦೫' ಎಂದೇ ಹೆಸರಿಟ್ಟಿದ್ದೆ. ಹಡಗಲಿಯ ಹೊಲಗಳಿಗೆ ಹಗಲೂ ರಾತ್ರಿ ತ್ರೀಫೇಸ್ ಕರೆಂಟು, ಕೂಡ್ಲಿಗಿಗೆ ಡ್ರೈವರ್ ಇಲ್ಲದ ಬಸ್ಸು. ೨೦೦೫ ಹೋದ ವರ್ಷವೇ ಕಳೆಯಿತು. ಆ ಕಥೆಯನ್ನು ಮತ್ತೆ ಓದಿದ್ದು ಅಂಗಡಿಯಲ್ಲಿ ಕರೆಂಟು ಬರಲೆಂದು ಕಾಯುತ್ತ ಕೂತಾಗ. ಅಂಗೈಯಲ್ಲಿ ಹಿಡಿಯುವ ಫೋನಿನ ಬಗ್ಗೆ ಬರೆದದ್ದೊಂದು ಮಾತ್ರ ನಿಜವಾಯಿತು. ಈಗ ಹಾಲು ಹಾಕುವವನ ಜೇಬಿನಲ್ಲೂ ಇದೆ, ಆದ್ದರಿಂದ ಆ ಕಥೆಯನ್ನು ಯಾರು ಓದಬೇಕು.

ಹನ್ನೊಂದರಲ್ಲೂ ಕಾಲು ಸೋತ ಅದೇ ಹುಡುಗಿ. ಹನ್ನೊಂದರಲ್ಲೂ ಅವಳ ಹೆಸರು ತಸ್ಲೀಮ್.

* * *

ತಸ್ಲೀಮ್‌ಗೆ ಈಗ ಇಪ್ಪತ್ತು. ಡಿ.ಎಡ್. ಮುಗಿಸಿ ಜೂನಿನಿಂದ ಇಟ್ಟಿಗಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ರಜೆಯ ದಿನಗಳಲ್ಲಿ ಕೂತು ಹನ್ನೊಂದು ಕಥೆಯನ್ನೂ ದುಂಡಗೆ ನಕಲು ತೆಗೆದಳು. ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಕಟ್ಟು ತಂದು ನನ್ನ ಮುಂದಿಟ್ಟಳು.

ತಿರುವಿ ನೋಡಿದೆ. ಸಾಲಿನ ನಡುವೆ ಅಲ್ಲಲ್ಲಿ ಖಾಲಿ ಜಾಗ. 'ಎಂಬ ಹುಡುಗಿ ಕಿಟಕಿಯಿಂದ ಭೂಮಿಯನ್ನು ನೋಡಿದಳು' ಎಂದಿದೆ, ಅದರ ಹಿಂದೆ ಎರಡು ಬೆರಳಗಲ ಖಾಲಿ. ಎಲ್ಲ ಕಥೆಯಲ್ಲೂ ಹಾಗೇ. ಅವಳ ಹೆಸರು ಬರುವಲ್ಲೆಲ್ಲ ಬಿಟ್ಟಿದ್ದಾಳೆ.

"ಇದೇನು?"

"ನಿಮಗೆ ಯಾವ ಹೆಸರು ಬೇಕೋ ಹಾಕ್ಕೋರಿ ಅಂತ ಜಾಗ ಬಿಟ್ಟೀನಿ."

"ನಿನ್ನ ಹೆಸರು ಇತ್ತಲ್ಲ."

"ಇತ್ತು. ಅದು ನಾನಲ್ಲ. ಹನ್ನೊಂದು ಕಥಿ ಕೂತು ಬರದೀನಿ ಅಬ್ಬಾ. ಒಂದ್ರಾಗೂ ಆಕಿ ಮೂರನೇ ಪುಟ ದಾಟಿದ ಮ್ಯಾಲೆ ಕುಂಟಿಲ್ಲ. ಪತ್ರಿಕಿ ಆದ್ರ ವಾರಕ್ಕ ರದ್ದಿ ಆಗ್ತಿತ್ತು. ಇದು ಪುಸ್ತಕ, ನಮ್ಮ ಸಾಲಿ ಕಪಾಟಿಗೂ ಬರ್ತೈತಿ. ಮಕ್ಕಳು ಅದ್ರಾಗ ಓಡೋ ತಸ್ಲೀಮ್‌ನ ಓದಿ, ತಲಿ ಎತ್ತಿ ಬೋರ್ಡಿನ ಮುಂದ ನನ್ನ ನೋಡ್ತಾವ. ನಾನೇನು ಹೇಳ್ಲಿ? ನಾನು ಮೂರನೇ ಪುಟಕ್ಕ ಇನ್ನೂ ಬಂದಿಲ್ರಪ್ಪ ಅನ್ಲೇನು?"

ಅಡುಗೆಮನೆಯಿಂದ ಸಲ್ಮಾ ನಮ್ಮ ಕನ್ನಡದಲ್ಲೇ, "ಅಪ್ಪ ಮಗಳು ಆಕಾಶದ ಸಲುವಾಗಿ ಜಗಳಾಡ್ರಿ. ಇಲ್ಲಿ ಸಾರು ಆರಾಕತ್ತೈತಿ" ಅಂದಳು.

ತಸ್ಲೀಮ್ ಏಳಲಿಲ್ಲ. "ಒಂದು ಕಥಿ ಬರೀತೀನಿ ಅಂದಿದ್ರಿ. ಬರೀರಿ. ಬರದ್ರ ಹನ್ನೊಂದ್ರಾಗೂ ನನ್ನ ಹೆಸರು ನಾನೇ ತುಂಬತೀನಿ. ಇಲ್ಲಂದ್ರ ಬ್ಯಾಡ."

"ಎಣಿಸಾಗ ಅಂದಿದ್ದದು" ಅಂದೆ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿದ ಮಾತು, ತಾನಾಗಿ ಬಂತು. "ಎಣಿಸಾಗ ನಂಗ ಏನೂ ಕೇಳ್ಸಂಗಿಲ್ಲ. ನಿಂಗೂ ಗೊತ್ತೈತಿ."

"ಪಾಲಾಕ್ಷಪ್ಪಗ ಹಂಗ ಹೇಳ್ರಿ. ಆ ಮೋಟಾರು ಐದನೇ ದಿನಕ್ಕ ಸುಟ್ಕೊಂಡು ವಾಪಸ್ ಬಂತು. ನೀವು ಬಿಚ್ಚಿ ಒಂದೊಂದೇ ಕಾಯಿಲು ಎಣಿಸಿದ್ರಿ, ನಾನು ತಂತಿ ತುದಿ ಹಿಡ್ಕೊಂಡು ಕೂತಿದ್ನಿ. ಒಂದ್ರಾಗ ಅರವತ್ತು ಸುತ್ತು ಇರಬೇಕಾದಲ್ಲಿ ಐವತ್ತು ಇತ್ತು. ಮಂದಿ ಏನು ಕೇಳಿದ್ರೂ ತಪ್ಪದ ಎಣಿಕಿ ಅವತ್ತು ಯಾಕ ತಪ್ಪಿತು?"

ಯಾಕೆ ತಪ್ಪಿತೆಂದು ನನಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಮೂವತ್ತೆಂಟಾದ ಮೇಲೆ ಮೂವತ್ತೊಂಬತ್ತು ಅನ್ನುವ ಬದಲು ನಲವತ್ತೊಂಬತ್ತು ಅಂದಿದ್ದೆ. ಅವಳ ಮಾತು ಪೂರ್ತಿ ಕೇಳಿಸಿತ್ತು. ಕಾಲು ಹಿಂಗ ಇರ್ಲಿ ಎಂದದ್ದು ಕೇಳಿಸಿತ್ತು. ಆಗ ನಾನು ಅವಳನ್ನು ಹಡಗಲಿಗೆ, ಬಳ್ಳಾರಿಗೆ, ಎಣ್ಣೆ ತಿಕ್ಕುವವರ ಹತ್ತಿರ, ಆಪರೇಶನ್ ಮಾಡುತ್ತೇವೆಂದವರ ಹತ್ತಿರ ಹೊತ್ತು ತಿರುಗುತ್ತಿದ್ದೆ. ಆ ಕಥೆ ಬರೆದರೆ ಕಾಲು ಹೀಗೇ ಇರುತ್ತದೆಂದು ನಾನೇ ಒಪ್ಪಿಕೊಂಡಂತೆ. ಅದಕ್ಕೇ ಬರೆದಿರಲಿಲ್ಲ.

"ಬರೀತೀನಿ" ಅಂದೆ.

* * *

ಬರೆಯುವುದು ಅಷ್ಟು ಸುಲಭವಿರಲಿಲ್ಲ. ಕೈಗೆ ಹನ್ನೊಂದು ಕಥೆಯ ರೂಢಿ. ಎರಡು ಪುಟ ನೆಟ್ಟಗೆ ಹೋಗುವುದು, ಮೂರನೆಯ ಪುಟಕ್ಕೆ ಯಾರೋ ಡಾಕ್ಟರು ಬಂದು ನಿಲ್ಲುವುದು. ಅವನನ್ನು ಹೊಡೆದುಹಾಕಿದರೆ ಯಂತ್ರ ಬರುವುದು. ನಾಲ್ಕು ಸಲ ಹರಿದೆ. ಐದನೆಯದನ್ನು ಹೇಗೋ ಮುಗಿಸಿ ಅವಳ ಕೈಗೆ ಕೊಟ್ಟೆ. ಮಂಗಳಕ್ಕೆ ಹೋಗುವ ಹಡಗಿನೊಳಗೆ ಯಾವುದಕ್ಕೂ ತೂಕವಿಲ್ಲ. ತಸ್ಲೀಮ್ ಕ್ಯಾಲಿಪರ್ ಸಮೇತ ಮೀನಿನಂತೆ ತೇಲುತ್ತಾಳೆ, ಎಲ್ಲರಿಗಿಂತ ಮುಂದೆ.

"ನೋಡು, ಕಾಲು ಸರಿ ಮಾಡಿಲ್ಲ."

ಅವಳು ಓದಿ ಹಾಳೆಗಳನ್ನು ಜೋಡಿಸಿಟ್ಟಳು. "ಕಾಲು ಸರಿ ಮಾಡಿಲ್ಲ. ನೆಲ ತಗದೀರಿ. ನೆಲ ಇಲ್ಲಂದ ಮ್ಯಾಲೆ ಎಲ್ಲಿ ಕುಂಟೋದು? ಇದು ಹಿತ್ತಲ ಬಾಗಿಲು, ಅಬ್ಬಾ."

ಅದನ್ನೂ ಹರಿದೆ. ಆಮೇಲೆ ಎರಡು ವಾರ ಪೆನ್ನು ಮುಟ್ಟಲಿಲ್ಲ. ಮೋಟಾರುಗಳು ಬಂದು ಬೀಳುತ್ತಿದ್ದವು, ಸೊಂಟ ಹಿಡಿದುಕೊಂಡಿತ್ತು. ಹದಿನಾಲ್ಕು ಪುಟ ಖಾಲಿಯೇ ಹೋಗಲಿ, ಖಾಲಿ ಜಾಗಗಳಿಗೆ ಯಾವುದೋ ಹೆಸರು ಹಾಕಿ ಕೊಟ್ಟುಬಿಡೋಣ ಅನ್ನಿಸತೊಡಗಿತು. ಮಾಸ್ತರು ಬರುವ ಐತವಾರಕ್ಕೆ ಎರಡು ದಿನವಿತ್ತು.

ಶುಕ್ರವಾರ ಸಂಜೆ ತಸ್ಲೀಮ್ ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು. ಬೆಂಚಿನ ತುದಿಯಲ್ಲಿ ಎಡಗಾಲನ್ನು ನೆಟ್ಟಗೆ ಚಾಚಿ ಕೂತಳು.

"ಏನಾತು?"

"ಬಳಿ ಹಿಡ್ಕೊಂಡೈತಿ. ಮ್ಯಾಲೆ ಬರವಲ್ದು. ಇಟ್ಟಿಗಿಯಿಂದ ಕಾಲು ಚಾಚ್ಕೊಂಡೇ ಬಂದೀನಿ. ಮೂರು ಮಂದಿ ಎಡವಿದ್ರು. ಒಬ್ಬಾಕಿ ಮುದುಕಿ, 'ಕಾಲು ಮಡಚವ್ವ, ಇದೇನು ನಿಮ್ಮ ಮನಿ ಕಟ್ಟೆ ಏನು' ಅಂದ್ಲು."

"ನೀನೇನಂದಿ?"

"ಕಬ್ಬಿಣ ಐತಜ್ಜಿ, ಮಡಚಂಗಿಲ್ಲ ಅಂದ್ನಿ. ಪಾಪ, ಆಮ್ಯಾಲೆ ತನ್ನ ಗಂಟು ಅದ್ರ ಮ್ಯಾಲೇ ಇಟ್ಕೊಂಡು ಬಂದ್ಲು. ಇಳಿಯಾಗ, 'ಚಲೋ ಆತು ತಾಯಿ' ಅಂದ್ಲು."

ಬೆಲ್ಟು ಬಿಚ್ಚಿ ಕ್ಯಾಲಿಪರ್ ತೆಗೆದುಕೊಟ್ಟಳು. ಕಬ್ಬಿಣ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ನೋಡಿದೆ. ಸುಗ್ಗಿಯ ಕಾಲ, ರಸ್ತೆ ತುಂಬ ಮೆಕ್ಕೆಜೋಳ ಒಣಹಾಕಿರುತ್ತಾರೆ, ಬಸ್ಸು ಹಾಯ್ದರೆ ಹೊಟ್ಟಿನ ಧೂಳು ಏಳುತ್ತದೆ. ಆ ಧೂಳು ಉಂಗುರದೊಳಗೆ ಹೊಕ್ಕು ಗ್ರೀಸಿನ ಜೊತೆ ಸೇರಿ ಕರಿ ಅಂಟಾಗಿ ಗಟ್ಟಿಯಾಗಿತ್ತು. ಸೀಮೆಎಣ್ಣೆ ಬಿಟ್ಟು ಬ್ರಷ್ಷಿನಿಂದ ತಿಕ್ಕತೊಡಗಿದೆ. ಈ ಕಬ್ಬಿಣದ ಒಂದೊಂದು ರಿವೆಟ್ಟೂ ನನಗೆ ಗೊತ್ತು. ಅವಳು ಬೆಳೆದ ಹಾಗೆಲ್ಲ ಪಟ್ಟಿ ಉದ್ದ ಮಾಡಿದವನು ನಾನೇ. ಬ್ರಷ್ಷು ಆಡಿಸುತ್ತಲೇ ಒಂದು ಮಾತು ಹೊಳೆಯಿತು. ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

"ಬಸ್ ಹತ್ತಾಗ ಯಾವ ಕಾಲು ಮೊದಲು ಇಡ್ತಿ?"

ಅವಳು ನನ್ನ ಮುಖ ನೋಡಿದಳು. "ಈಗ ಕೇಳ್ತೀರಾ?"

"ಈಗ ಕೇಳಾಕತ್ತೀನಿ."

"ಹತ್ತಾಗ ಒಳ್ಳೇ ಕಾಲು. ಇಳಿಯಾಗ ಕಬ್ಬಿಣದ್ದು. ಕಂಡಕ್ಟರಿಗೆ ಅವಸರ ಇದ್ರ ತೋಳು ಹಿಡಿಯಾಕ ಬರ್ತಾನ, ಅವ ಹಿಡಿದ್ರ ನಾನು ಬೀಳ್ತೀನಿ. ಬ್ಯಾಗು ಹಿಡಿ ಅಂತ ಕೊಡ್ತೀನಿ, ಅವಂಗೂ ಕೆಲಸ ಸಿಕ್ಕಂಗಾತು."

"ಬೋರ್ಡಿನ ಮ್ಯಾಲೆ ಬರಿಯಾಗ?"

"ಎಡಗೈ ಗೋಡಿ ಮ್ಯಾಲೆ, ಬಲಗೈಗೆ ಸುಣ್ಣದ ಕಡ್ಡಿ. ಗೋಡಿ ಮ್ಯಾಲೆ ನನ್ನ ಅಂಗೈ ಗುರುತು ಬಿದ್ದೈತಿ." ಆಮೇಲೆ ತಾನೇ ನಕ್ಕು ಹೇಳಿದಳು: "ನಾನು ವರಾಂಡದಾಗ ಬರಾಗ ಟಕ್ ಅಂತ ಸಪ್ಪಳ ಕೇಳಿದ್ರ ಸಾಕು, ಕ್ಲಾಸೆಲ್ಲ ಗಪ್ಪು. ಬ್ಯಾರೆ ಟೀಚರಿಗೆ ಈ ಅನುಕೂಲ ಇಲ್ಲ."

ಉಂಗುರ ಸಡಿಲವಾಯಿತು. ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು ಅವಳಿಗೆ ಕೊಟ್ಟೆ. ಬೆಲ್ಟು ಕಟ್ಟಿಕೊಂಡು ಎದ್ದು ನಿಂತಳು. ಟಕ್ ಎಂದು ಇಳಿಯಿತು.

ಆ ರಾತ್ರಿಯೂ ಮರುದಿನವೂ ಕೂತು ಬರೆದೆ. ಮಂಗಳದಲ್ಲಿ ಒಂದು ಶಾಲೆ, ಒಂಬತ್ತು ಮಕ್ಕಳು. ತಸ್ಲೀಮ್ ಎಂಬ ಟೀಚರು. ಅಲ್ಲಿ ತೂಕ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಕಬ್ಬಿಣ ಮಾತ್ರ ಅಲ್ಲಿಯೂ ಮಡಚುವುದಿಲ್ಲ. ಅವಳು ಅಲ್ಲಿಯೂ ಕುಂಟುತ್ತಾಳೆ. ಧೂಳಿನ ಗಾಳಿ ಎದ್ದ ದಿನ ಕೆಂಪು ಧೂಳು ಬಳೆಯೊಳಗೆ ಹೊಕ್ಕು ಬಿಗಿಯುತ್ತದೆ. ಕಾಲು ಚಾಚಿ ನೆಲದ ಮೇಲೆ ಕೂತು ಮಗ್ಗಿ ಹೇಳಿಕೊಡುತ್ತಾಳೆ, ಮಕ್ಕಳು ಆ ಕಾಲಿನ ಮೇಲೆ ಸ್ಲೇಟು ಇಟ್ಟುಕೊಂಡು ಬರೆಯುತ್ತಾರೆ. ಪಾಠ ಮುಗಿದ ಮೇಲೆ ಬ್ರಷ್ಷು ತರಿಸಿ, ಧೂಳು ತೆಗೆದು, ಎದ್ದು ನಿಲ್ಲುತ್ತಾಳೆ. ಟಕ್ ಅನ್ನುತ್ತದೆ. ಹಡಗು ಭೂಮಿಗೆ ಬಂದಿಳಿದ ದಿನ ಅದರ ಮೆಟ್ಟಿಲಿಳಿಯುತ್ತಾಳೆ. ಕಥೆಯಲ್ಲಿ ಇಷ್ಟೇ. ಯಾರೂ ಅವಳ ಕಾಲಿಗೆ ಏನೂ ಮಾಡುವುದಿಲ್ಲ.

ಐತವಾರ ಬೆಳಿಗ್ಗೆ ಅವಳು ಓದಿದಳು. ನಾನು ಚಹಾ ಹಿಡಿದು ಎದುರಿಗೆ ಕೂತಿದ್ದೆ, ಕುಡಿಯಲಿಲ್ಲ. ಕೊನೆಯ ಪುಟದಲ್ಲಿ ಪೆನ್ನು ತೆಗೆದು ಏನೋ ತಿದ್ದಿದಳು.

"ಮೆಟ್ಟಿಲು ಇಳಿಯಾಗ ಒಳ್ಳೇ ಕಾಲು ಮೊದಲು ಇಡಿಸೀರಿ. ಉಲ್ಟಾ ಆತು. ಮೊನ್ನೆನ ಹೇಳೀನಲ್ಲ?"

"ಬಾಕಿದು?"

"ಬಾಕಿದು ಇರ್ಲಿ." ನಕಲಿನ ಕಟ್ಟು ಎಳೆದುಕೊಂಡಳು. "ತರ್ರಿ, ಹನ್ನೊಂದ್ರಾಗೂ ಹೆಸರು ತುಂಬತೀನಿ."

"ನಾನಾಗ್ಲೇ ತುಂಬೀನಿ" ಅಂದೆ.

ಮೊದಲ ಕಥೆ ತೆಗೆದು ನೋಡಿದಳು. ಖಾಲಿ ಜಾಗದಲ್ಲೆಲ್ಲ ನನ್ನ ಸೊಟ್ಟ ಅಕ್ಷರದಲ್ಲಿ ಲಾಲ್ ಬೀ ಎಂದಿತ್ತು. ಹನ್ನೊಂದರಲ್ಲೂ ಅದೇ. ನನ್ನ ತಾಯಿ ತೀರಿಕೊಂಡು ಆರು ವರ್ಷ, ಕೊನೆಯವರೆಗೂ ಮೊಣಕಾಲು ಹಿಡಿದುಕೊಂಡೇ ನಡೆದವಳು. ಚಂದ್ರನ ಬೋರಿನ ನೀರು ಕೇಳಿದವಳು ಅವಳೊಬ್ಬಳೇ.

ತಸ್ಲೀಮ್ ತನ್ನ ದಾದಿಯ, ಅಂದರೆ ಅಜ್ಜಿಯ, ಹೆಸರಿನ ಮೇಲೆ ಬೆರಳಿಟ್ಟಳು. "ದಾದಿ ಓಡ್ಯಾಳ ಅಂದಂಗಾತು" ಅಂದಳು.

ಏಕಾಂತಪ್ಪ ಮಾಸ್ತರು ಹನ್ನೊಂದು ಗಂಟೆಗೆ ಬಂದರು. ಹನ್ನೆರಡನೆಯ ಕಥೆಯ ಹಾಳೆ ಎಣಿಸಿ, ಸಾಲಿನ ಅಂದಾಜು ಹಾಕಿ, ಹದಿಮೂರು ಪುಟ ಆಗುತ್ತದೆ, ಒಂದು ಪುಟ ಖಾಲಿ ಇದ್ದರೆ ಇರಲಿ ಅಂದರು. ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಹನ್ನೆರಡರ ಕೊಟ್ಟೂರು ಬಸ್ಸು ಹತ್ತಿದರು.

೧೯೯೩ರಲ್ಲಿ ಕೊಟ್ಟ ಮಾತು ೨೦೦೬ರ ನವೆಂಬರಿನಲ್ಲಿ ನಡೆಯಿತು.